ದೇವರ ಜಗಲಿಯ ಮೇಲೊಂದು ಸಿಂಕು

ಆ ರವಿವಾರ ಬೆಳಗಿನಿಂದ ಮಾಡಿದ ಕೆಲಸಗಳು ಇವು. ಹಾಲು ಕಾಯಿಸಿದೆ. ಹೆಸರುಕಾಳು ನೆನೆಹಾಕಿದೆ. ನಮ್ಮವರ ಬಿಳಿ ಅಂಗಿಗೆ ಇಸ್ತ್ರಿ ಮಾಡಿದೆ. ಸಿಂಕಿನ ಕೆಳಗಿಟ್ಟ ಬೋಗುಣಿಯ ನೀರು ಚೆಲ್ಲಿದೆ. ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಳ್ಳುಳ್ಳಿ ಖಾರ ಹಾಕಿ ಹಿಂಡಿ ಕುಟ್ಟಿದೆ. ಬೋಗುಣಿಯ ನೀರು ಚೆಲ್ಲಿದೆ. ಎರಡು ಹೊದಿಕೆ ಒಗೆದು ಗ್ಯಾಲರಿಯಲ್ಲಿ ಹಾಕಿದೆ, ಮೋಡ ಕಂಡು ಮತ್ತೆ ಒಳಗೆ ತಂದೆ. ಬದನೆಕಾಯಿಗೆ ಮಸಾಲೆ ತುಂಬಿದೆ. ಹಿಂಡಿಯ ಒಂದು ಡಬ್ಬಿಯನ್ನು ಕೆಳಗಿನ ಮನೆಗೆ ಕೊಟ್ಟು ಬಂದೆ. ಬಂದವಳೇ ಮತ್ತೆ ಬೋಗುಣಿ ನೋಡಿದೆ.

ನಮ್ಮದು ಚಿಕ್ಕೋಡಿಯಲ್ಲಿ ಎರಡು ಅಂತಸ್ತಿನ ಮನೆ. ಮೇಲೆ ನಾವು ಗಂಡ ಹೆಂಡತಿ. ಕೆಳಗೆ ಅತ್ತೆ, ಭಾವ, ನೆಗೆಣ್ಣಿ. ನೆಗೆಣ್ಣಿ ಅಂದರೆ ಭಾವನ ಹೆಂಡತಿ. ಕಾಗವಾಡದ ಕಡೆಯವರು, ನನಗಿಂತ ದೊಡ್ಡವರು. ಸಿಟ್ಟು ಬಂದರೆ ಮರಾಠಿ ಮಾತಾಡುತ್ತಾರೆ, ಇನ್ನೂ ಸಿಟ್ಟು ಬಂದರೆ ಮಾತೇ ಆಡುವುದಿಲ್ಲ.

ಮದುವೆಯಾಗಿ ಬಂದಂದಿನಿಂದ ನಾನು ಕೆಳಗಿನ ಅಡುಗೆಮನೆಯಲ್ಲೇ ದುಡಿದವಳು. ಒಂದು ಒಲೆಯ ಮುಂದೆ ಮೂವರು ಹೆಂಗಸರು. ಸೌಟು ಯಾವ ಮೊಳೆಗೆ ತೂಗಬೇಕು, ಹುಣಸೆಹಣ್ಣು ಎಷ್ಟು ಹೊತ್ತು ನೆನೆಯಬೇಕು, ಚಹಕ್ಕೆ ಶುಂಠಿ ಯಾವ ದಿನ ಹಾಕಬೇಕು, ಎಲ್ಲಕ್ಕೂ ಅಲ್ಲಿ ಆಗಲೇ ಒಂದು ಕಟ್ಟಳೆ ಇತ್ತು. ಅದರಲ್ಲಿ ಒಂದೂ ನಾನು ಮಾಡಿದ್ದಲ್ಲ. ಮೇಲಿನ ಅಂತಸ್ತು ಎದ್ದಾಗ ನನಗೂ ಒಂದು ಬೇರೆ ಒಲೆ ಆಗಲಿ ಎಂದು ನಮ್ಮವರ ಬೆನ್ನು ಹತ್ತಿದೆ. ನೀರಿನ ಪೈಪು ಇದ್ದದ್ದು ಹಿಂದಿನ ಕೋಣೆಗೆ ಮಾತ್ರ. ಆ ಕೋಣೆಯ ನೇರ ಕೆಳಗೆ ಅತ್ತೆಯ ದೇವರ ಕೋಣೆ. ನಾವು ಸಿಂಕು ಕೂರಿಸಬೇಕೆಂದ ಜಾಗದ ಅಡಿಗೇ ಸರಿಯಾಗಿ ದೇವರ ಜಗಲಿ.

"ದೇವರ ನೆತ್ತಿ ಮ್ಯಾಲ ಮುಸುರಿ ಇಡತೀರೇನ?" ಎಂದು ಕೇಳಿದ ಅತ್ತೆ ಎರಡು ಹೊತ್ತು ಊಟ ಬಿಟ್ಟರು. ಮುಸುರೆ ಎಂದರೆ ಉಂಡ ತಟ್ಟೆ, ಅಟ್ಟ ಪಾತ್ರೆ, ಅವನ್ನು ತೊಳೆದ ನೀರು. ಅದು ದೇವರ ಮೇಲೆ ನಿಲ್ಲಬಾರದು.

ದಾರಿ ತೆಗೆದವರು ಭಾವ. ಅವರದು ನಿಪ್ಪಾಣಿಯಲ್ಲಿ ಕಿಚನ್ ಟ್ರಾಲಿಯ ಅಂಗಡಿ. ಅಲ್ಲಿ ಸಿಂಕಿನ ಕೆಳಗೆ ತೂಗುಹಾಕುವ, ಎಂಜಲು, ಸಿಪ್ಪೆ ಎಲ್ಲ ಅರೆದು ನೀರಿನ ಜೊತೆ ಪೈಪಿಗೆ ಬಿಡುವ ಒಂದು ಯಂತ್ರ ಬಹಳ ದಿನದಿಂದ ನೋಡುವವರಿಗೆಂದೇ ಇತ್ತು. ನೋಡಿದರು, ಯಾರೂ ಕೊಳ್ಳಲಿಲ್ಲ. ನಮ್ಮ ಕಡೆ ಸಿಪ್ಪೆ ತಿನ್ನಲು ಓಣಿಗೆ ನಾಲ್ಕು ಎಮ್ಮೆ ಇರುವಾಗ ಯಾರು ಕೊಳ್ಳುತ್ತಾರೆ? ಅದು ನಮ್ಮ ಮನೆಗೆ ಬಂದ ದಿನ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ನಿಂತು, "ನಮ್ಮ ಎಮ್ಮಿಗೆ ಕರೆಂಟ ಬೇಕಾಗಿಲ್ರಿ, ಮತ್ತ ಹಾಲೂ ಕೊಡತೈತಿ" ಎಂದಿದ್ದಳು. ಭಾವ ಅದನ್ನು ಕೇಳಿಸಿಕೊಳ್ಳದೆ ಅತ್ತೆಗೆ ಹೇಳಿದರು: "ಅವ್ವಾ, ಇದರಾಗ ಹಾಕಿದ್ದು ನುಣ್ಣಗಾಗಿ ಹೊರಗಿನ ಗ್ವಾಡಿ ಪೈಪಿನಾಗ ಹೋಗತೈತಿ. ಒಂದ ಅಗಳ ಸೈತ ನಿಂದ್ರಂಗಿಲ್ಲ." ಅತ್ತೆ ಯಂತ್ರವನ್ನು ಮುಟ್ಟಿ ನೋಡಿ ಒಪ್ಪಿದರು. "ಆದ್ರ ಒಂದ ಹನಿ ಕೆಳಗ ಬಂತಂದ್ರ ಮ್ಯಾಲಿನ ಒಲಿ ಆರಸೂದು. ಎಲ್ಲಾರೂ ಮೊದಲಿನಂಗ ಕೆಳಗ ಉಣ್ಣೂದು."

ಆ ಮಾತಿನ ಮೇಲೆ ನನ್ನ ಅಡುಗೆಮನೆ ನಿಂತಿತು. ಮನೆಯಲ್ಲಿ ಎಲ್ಲರೂ ಯಂತ್ರವನ್ನು ಕಸದ ಮಿಕ್ಸರ್ ಎಂದು ಕರೆದರು. ದಿನಾ ಊಟದ ಮೇಲೆ ಅದು ಗುರ್ರೆಂದು ತಿರುಗಿದ್ದು ಕೆಳಗೆ ಕೇಳಿಸಬೇಕು. ಕೇಳಿಸದಿದ್ದರೆ ಅತ್ತೆ ಮೆಟ್ಟಿಲ ಬುಡಕ್ಕೆ ಬಂದು ಕೂಗುತ್ತಿದ್ದರು.

ಈ ಶ್ರಾವಣದಲ್ಲಿ, ನಾಗರ ಪಂಚಮಿಗೆ ಉಂಡೆ ಕಟ್ಟಿದ ಪಾತ್ರೆಗಳನ್ನು ತೊಳೆಯುವಾಗ, ಸಿಂಕಿನ ಕೆಳಗಿನ ಕಪಾಟಿನ ಬುಡ ತೇವವಾಗಿದ್ದು ಕಾಲಿಗೆ ತಿಳಿಯಿತು. ಬಾಗಿಲು ತೆರೆದು ನೋಡಿದರೆ ಮಿಕ್ಸರಿನ ಬುಡದಲ್ಲಿ ಒಂದು ಹನಿ ತೂಗುತ್ತಿತ್ತು. ನೋಡನೋಡುತ್ತ ಬಿತ್ತು, ಇನ್ನೊಂದು ಮೂಡಿತು. ಬೋಗುಣಿ ಇಟ್ಟೆ. ನಮ್ಮವರಿಗೆ ಹೇಳಲಿಲ್ಲ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಣ್ಣನ ಮುಂದಂತೂ ಇಲ್ಲವೇ ಇಲ್ಲ. ಭಾವನಿಗೆ ತಿಳಿದರೆ ಅತ್ತೆಗೆ ತಿಳಿದಂತೆ.

ಅಂದಿನಿಂದ ನಾನು ಆ ಕಪಾಟಿಗೆ ಕಟ್ಟಿಹಾಕಿದವಳಂತಾದೆ. ನಮ್ಮವರಿಗೆ ಒಂದು ಲೋಟ ತೊಳೆಯುವುದಕ್ಕೂ ನಲ್ಲಿಯನ್ನು ಪೂರ್ತಿ ತಿರುವುವ ರೂಢಿ. ನಾನು ಮನೆ ಬಿಟ್ಟರೆ ಬೋಗುಣಿ ತುಂಬಿ ಹರಿಯುತ್ತಿತ್ತು. ಅಥಣಿಯಲ್ಲಿ ತಂಗಿಯ ಮಗಳ ಕುಬುಸಕ್ಕೆ ಹೋದವಳು ಬಸುರಿಗೆ ಉಡಿ ತುಂಬಿ, ಊಟಕ್ಕೂ ಕೂರದೆ ಬಸ್ಸು ಹತ್ತಿ ತಿರುಗಿ ಬಂದೆ. ಅಲ್ಲಿಂದ ಹೊರಟಾಗ ತಂಗಿ ಮುಖ ತಿರುಗಿಸಿದಳು. ಪಾತ್ರೆಗಳನ್ನು ಬಚ್ಚಲಿಗೆ ಹೊತ್ತು ತೊಳೆಯುತ್ತಿದ್ದೆ, ಆದರೂ ಅತ್ತೆಯ ಕಿವಿಗಾಗಿ ಮಿಕ್ಸರನ್ನು ತಿರುಗಿಸಲೇಬೇಕು, ನೀರು ಬಿಡದೆ ದಿನಾ ತಿರುಗಿಸಿದರೆ ಅದು ಸುಡುತ್ತದೆಂದು ಭಾವ ಹೇಳಿದ್ದರು. ತಿರುಗಿಸಿದರೆ ಸೋರುತ್ತದೆ, ತಿರುಗಿಸದಿದ್ದರೆ ಮೆಟ್ಟಿಲ ಬುಡದಿಂದ ಕೂಗು.

ಆ ರವಿವಾರ ಹಿಂಡಿಯ ಡಬ್ಬಿ ಕೊಡಲು ಕೆಳಗೆ ಹೋದಾಗ ಅತ್ತೆ ದೇವರ ಕೋಣೆಯಲ್ಲಿ ಹೂ ಬಿಡಿಸುತ್ತಿದ್ದರು. ಅವರಿಗೆ ಕುತ್ತಿಗೆ ನೋವು, ಪಟ್ಟಿ ಹಾಕಿಕೊಂಡಿದ್ದರು, ತಲೆ ಎತ್ತಲಾರರು. ನಾನು ಎತ್ತಿ ನೋಡಿದೆ. ಜಗಲಿಯ ಮೇಲಿನ ಛತ್ತಿನಲ್ಲಿ ಒಂದು ರೊಟ್ಟಿಯಷ್ಟು ಅಗಲದ ಕಂದು ಕಲೆ. ನಡುವೆ ಇನ್ನೂ ಹಸಿ.

"ನಾಳಿಗೆ ಸೋಮಾರ," ಎಂದರು ಅತ್ತೆ, ಹೂವಿನಿಂದ ಕಣ್ಣು ತೆಗೆಯದೆ. "ಅಯ್ನಾರು ಪೂಜಾಕ್ಕ ಬರಾವ್ರು. ನೀ ಲಗೂನ ಬಾ. ಹೋಳಿಗಿಗೆ ಬ್ಯಾಳಿ ಕುದಸಬೇಕು."

ನಮ್ಮ ಅಯ್ಯನವರಿಗೆ ಮಂತ್ರ ಹೇಳುವಾಗ ಮುಖ ಮೇಲೆತ್ತಿ ಕಣ್ಣು ಮುಚ್ಚುವ ರೂಢಿ. ಮುಚ್ಚುವ ಮೊದಲು ಅವರು ನೋಡುವುದು ಛತ್ತನ್ನೇ. ಹೂಂ ಎಂದು ಹೇಳಿ ಮೇಲೆ ಬಂದೆ.

ಗಂಡಸರಿಬ್ಬರೂ ಹಾರೂಗೇರಿಗೆ ಗೆಳೆಯರೊಬ್ಬರ ಗೃಹಪ್ರವೇಶಕ್ಕೆ ಭಾವನ ಕಾರಿನಲ್ಲಿ ಹೋದರು. ಊಟ ಮಾಡಿ ಅತ್ತೆ ಅಡ್ಡಾದರು ಎಂದು ಕೆಳಗಿನ ಸದ್ದಿನಿಂದ ತಿಳಿಯಿತು. ನಾನು ಸೆರಗು ಸಿಕ್ಕಿಸಿ, ಮಿಕ್ಸರಿನ ಪ್ಲಗ್ಗು ಕಿತ್ತು, ಕಪಾಟಿನೊಳಗೆ ತಲೆ ಹಾಕಿದೆ.

ಸೋರುವುದಾದರೆ ಮೂರು ಕಡೆ ಎಂದು ಭಾವ ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳುವುದನ್ನು ಕೇಳಿದ್ದೆ. ಮೇಲೆ, ಸಿಂಕಿಗೆ ಕಚ್ಚಿದ ಬಾಯಿಯಲ್ಲಿ. ಪಕ್ಕದಲ್ಲಿ, ಹೊರಗೆ ನೀರು ಬಿಡುವ ಮೊಣಕೈ ಪೈಪಿನಲ್ಲಿ. ಇಲ್ಲವೇ ಬುಡದಲ್ಲಿ. "ಬುಡದಾಗಿಂದ ಬಂತಂದ್ರ ಮುಗೀತ್ರಿ, ಹೊಸಾದ ತರೂದು" ಎನ್ನುತ್ತಿದ್ದರು. ನನಗೆ ಹನಿ ಕಾಣುತ್ತಿದ್ದದ್ದು ಬುಡದಲ್ಲಿ. ಅದಕ್ಕೇ ಇಷ್ಟು ದಿನ ಸರಿಯಾಗಿ ನೋಡುವ ಧೈರ್ಯ ಮಾಡಿರಲಿಲ್ಲ. ಬುಡವೇ ಎಂದಾದರೆ ಭಾವನಿಗೆ ಹೇಳಬೇಕು, ಹೇಳಿದ ದಿನವೇ ನನ್ನ ಡಬ್ಬಿಗಳು ಕೆಳಗಿಳಿಯುತ್ತವೆ.

ಯಂತ್ರವನ್ನು ಹಳೆಯ ಧೋತರದಿಂದ ಒರೆಸಿ ಒಣಗಿಸಿದೆ. ಸಿಂಕಿನ ಬಾಯಿ ಮುಚ್ಚಿ, ನೀರು ತುಂಬಿಸಿ, ಅರಿಷಿಣ ಕಲಕಿದೆ. ಹಳದಿ ನೀರು ಎಲ್ಲಿ ಇಳಿದರೂ ಕಾಣುತ್ತದೆ. ಕೆಳಗೆ ಕೂತು ಕಾದೆ. ಮೇಲಿನ ಬಾಯಿಯ ಸುತ್ತ ಬೆರಳಾಡಿಸಿದೆ. ಒಣಗಿತ್ತು. ಹಾಗಾದರೆ ಮೇಲಿನದಲ್ಲ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ. ಹೊರಗೆ ಬಂದು ಕಪಾಟಿನ ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತೆ. ನೆಗೆಣ್ಣಿ ಒಳಗೆ ಬಂದರು. ಕೈಯಲ್ಲಿ ಒಂದು ಹಿತ್ತಾಳೆ ಬೋಗುಣಿ, ಮೇಲೆ ಬಟ್ಟೆ ಮುಚ್ಚಿತ್ತು.

"ಹಿಂಗ್ಯಾಕ ಕುಂತಿ?"

"ಏನಿಲ್ರಿ ಅಕ್ಕಾರ. ಜಿರಳಿ ಭಾಳ ಆಗ್ಯಾವು, ಔಷಧ ಹೊಡಿಯೂನಂತ."

ಅವರು ಬಟ್ಟೆ ತೆಗೆದು ಬೋಗುಣಿಯನ್ನು ನನ್ನ ಮುಂದೆ ಇಟ್ಟರು. ಅರ್ಧ ತುಂಬ ಕಲಕು ನೀರು. "ನಿನ್ನ ಜಿರಳಿ ಇಷ್ಟ ಉಚ್ಚಿ ಹೊಯ್ದಾವು ನೋಡು."

"ಅತ್ಯಾರಿಗೆ ಗೊತ್ತಾಗೇತೇನ್ರಿ?"

"ಗೊತ್ತಾಗಿದ್ರ ನೀ ಇಲ್ಲಿ ಕುಂತಿರತಿದ್ದೇನ? ಪಂಚಮಿ ಆದಾಗಿಂದ ಜಗಲಿ ಮ್ಯಾಲಿನ ಮಂಟಪದ ನೆತ್ತಿಗೆ ಬೋಗಾಣಿ ಇಟ್ಟೀನಿ, ಅತ್ಯಾರಿಗೆ ತಲಿ ಎತ್ತಾಕ ಬರಂಗಿಲ್ಲ. ಅವರು ಏಳೂದರಾಗ ನಾ ಎದ್ದು ಚೆಲ್ಲತೀನಿ. ನಿನಗ ಬುದ್ಧಿ ಬರತೈತಿ, ಬಂದ ಹೇಳತಾಳ ಅಂತ ಕಾದೆ. ನೀ ಇಲ್ಲಿ ಬಾಗಲಾ ಹಾಕ್ಕೊಂಡ ಕುಂತಿ."

ನಾನು ಮೇಲೆ ಒಂದು ಬೋಗುಣಿ ಬಚ್ಚಿಟ್ಟಿದ್ದೆ, ಅವರು ಕೆಳಗೆ ಒಂದು. ನನ್ನದನ್ನು ತಪ್ಪಿಸಿಕೊಂಡ ನೀರು ಅವರದಕ್ಕೆ ಬೀಳುತ್ತಿತ್ತು. ಕಣ್ಣು ತುಂಬಿ ಬಂದು, "ನನ್ನ ಸಲುವಾಗಿ ಇಷ್ಟ ಮಾಡಿದ್ರಿ ಅಕ್ಕಾರ" ಎಂದೆ.

"ಅಗ ಬಾಯಿ, ನಿನ್ನ ಸಲುವಾಗಿ ಯಾರ ಮಾಡತಾರ? ನೀ ಕೆಳಗ ಬಂದ್ರ ಮತ್ತ ಇಬ್ರೂ ಒಂದ ಒಲಿ ಮುಂದ. ನೀ ಹಾಕೂ ಉಪ್ಪು ತಿಂದು ನನಗ ಬಿಪಿ ಬಂದೈತಿ."

"ನಿಮ್ಮ ಸಾರಿನಾಗ ಉಪ್ಪರೆ ಎಲ್ಲಿ ಇರತಿತ್ರಿ?"

"ಅದನ್ನ ಹೇಳಾಕತ್ತೀನಿ. ನನ್ನ ಮನಿ, ನನ್ನ ಉಪ್ಪು. ಸರಿ ಅತ್ಲಾಗ, ಏನಾಗೇತಿ ನೋಡೂನು."

ಅವರು ನನ್ನ ಪಕ್ಕ ನೆಲಕ್ಕೆ ಕೂತರು. ಹತ್ತಾರು ಕೆಲಸದ ನಡುವೆ ನಾವಿಬ್ಬರೂ ಹಾಗೆ ಭುಜಕ್ಕೆ ಭುಜ ಹಚ್ಚಿ ಕೂತು ಎಷ್ಟೋ ಕಾಲವಾಗಿತ್ತು. ಕಪಾಟಿನೊಳಗೆ ಒಬ್ಬರ ತಲೆಗಷ್ಟೇ ಜಾಗ. ಇಬ್ಬರೂ ಬಗ್ಗಿದರೆ ಬಳೆಗೆ ಬಳೆ ಸಿಕ್ಕಿಕೊಳ್ಳುತ್ತಿತ್ತು.

ಏಕಸಂಬಿಯ ನನ್ನ ತವರಿನಲ್ಲಿ ಕೊಡ ಎಲ್ಲಿ ಸೋರುತ್ತದೆಂದು ತಿಳಿಯದಿದ್ದರೆ ಅವ್ವ ಅದರ ಮೈಗೆ ಜೋಳದ ಹಿಟ್ಟು ಉದುರಿಸುತ್ತಿದ್ದಳು. ನೀರು ಮೊದಲು ಮುಟ್ಟಿದಲ್ಲಿ ಹಿಟ್ಟು ಕಪ್ಪಾಗುತ್ತದೆ. ನಾನು ಸಾಣಿಗೆಯಲ್ಲಿ ಹಿಟ್ಟು ಹಿಡಿದು ಮಿಕ್ಸರಿನ ಮೈಗೆಲ್ಲ ಉದುರಿಸಿದೆ. ಹಿಂದಿನ ಮಗ್ಗುಲು ಕಣ್ಣಿಗೆ ಕಾಣುವುದಿಲ್ಲ. ಅಲ್ಲಿಗೆ ಅಂಗೈಯಿಂದ ಸವರಿದೆ. ನೆಗೆಣ್ಣಿ ಸಿಂಕಿನ ಮುಚ್ಚಳ ತೆಗೆದು ನೀರು ಬಿಟ್ಟರು.

"ಏನ ಕಾಣತೈತಿ?"

"ಬುಡಾ ಒಣಗೇತಿ."

"ಇನ್ನೂ?"

"ಇನ್ನೂ ಒಣಗೇತ್ರಿ."

ಆಗ ಹಿಂದಿನ ಮಗ್ಗುಲಲ್ಲಿ ಬೆರಳಿಗೆ ತಂಪು ತಗುಲಿತು. ಮೊಬೈಲಿನ ಬ್ಯಾಟರಿ ಹಚ್ಚಿ ನೆಗೆಣ್ಣಿ ಓರೆಯಾಗಿ ಹಿಡಿದರು, ನಾನು ಕೈಕನ್ನಡಿಯನ್ನು ಹಿಂದೆ ತೂರಿಸಿ ನೋಡಿದೆ. ಮೊಣಕೈ ಪೈಪು ಯಂತ್ರಕ್ಕೆ ಕೂಡುವ ಕಡೆಯಿಂದ ಹಿಟ್ಟಿನ ಮೇಲೆ ಸಣ್ಣದೊಂದು ಗೆರೆ ಇಳಿದಿತ್ತು. ಮೈ ಹಿಡಿದು ಇಳಿದು, ಬುಡಕ್ಕೆ ಬಂದು, ಅಲ್ಲಿ ಹನಿಯಾಗಿ ತೂಗುತ್ತಿತ್ತು. ಸೋರುತ್ತಿದ್ದದ್ದು ಬುಡವಲ್ಲ. ನೆಗೆಣ್ಣಿಗೆ ಗೆರೆಯನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಅದು ಏನ ಹಳದಿ ಕಾಣತೈತಿ? ನಿನ್ನ ಅರಿಷಿಣೇನ?"

ಅರಿಷಿಣವೇ. ಆದರೆ ನಾನು ಕಲಕಿದ್ದಲ್ಲ. ಅದೊಂದು ದಾರ. ಪೈಪಿನ ಕುತ್ತಿಗೆಗೆ ಕಟ್ಟಿದ ದಾರದ ಒಂದು ತುದಿ ರಬ್ಬರಿನ ಬಳೆಯ ಅಡಿಗೆ ಸಿಕ್ಕು, ಒಳಗೆ ಹೋಗಿತ್ತು. ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ಒಳಗಿನ ನೀರನ್ನು ಹೀರಿ ಹೊರಗೆ ತರುತ್ತಿತ್ತು.

ಹೋದ ವರ್ಷ ಖಂಡೇನವಮಿಯ ದಿನ ಮನೆಯ ಕಾರು, ಹೊಲಿಗೆ ಯಂತ್ರ, ಈಳಿಗೆ, ಕೊಡಲಿ ಎಲ್ಲಕ್ಕೂ ಪೂಜೆ ಆದ ಮೇಲೆ ಅತ್ತೆ ಒಂದೊಂದೇ ಮೆಟ್ಟಿಲು ಹಿಡಿದು ಮೇಲೆ ಬಂದಿದ್ದರು. ಮಿಕ್ಸರಿಗೆ ವಿಭೂತಿ ಹಚ್ಚಿ, ಅರಿಷಿಣದ ದಾರಕ್ಕೆ ಅರಿಷಿಣ ಕೊಂಬು ಕಟ್ಟಿ, ತಮ್ಮ ಕೈಯಿಂದಲೇ ಕಟ್ಟಿದ್ದರು. ಕೊಂಬು ಯಾವಾಗಲೋ ಉದುರಿತ್ತು. ಪಂಚಮಿಗೆ ಮುಂಚೆ ಒಂದು ದಿನ ಮೊಣಕೈ ಪೈಪಿನಲ್ಲಿ ಹುಣಸೆ ನಾರು ಸಿಕ್ಕಿ ನೀರು ಹೋಗದಾದಾಗ ನಮ್ಮವರು ಎರಡು ಸ್ಕ್ರೂ ಬಿಚ್ಚಿ ಪೈಪು ತೆಗೆದು, ನಾರು ಕಿತ್ತು, ಮತ್ತೆ ಕೂರಿಸಿ ಬಿಗಿದಿದ್ದರು. ಪವಿತ್ರ ದಾರ ಎಂದು ಅದನ್ನು ಹಾಗೇ ಬಿಟ್ಟಿದ್ದರು. ಬಿಗಿಯುವಾಗ ಅದು ಒಳಗೆ ಸಿಕ್ಕಿದ್ದು ಅವರಿಗೂ ಕಾಣಲಿಲ್ಲ, ಪಕ್ಕದಲ್ಲೇ ನಿಂತ ನನಗೂ ಕಾಣಲಿಲ್ಲ.

ನಾನು ಕತ್ತರಿ ತಂದೆ. ನೆಗೆಣ್ಣಿ ನನ್ನ ಕೈ ಹಿಡಿದರು.

"ಪೂಜಾ ಮಾಡಿದ ದಾರಕ್ಕ ಕತ್ತರಿ ಹಚ್ಚಬ್ಯಾಡ. ಅದೂ ಶ್ರಾವಣದಾಗ. ಬಿಚ್ಚು."

"ಗಂಟು ಕಲ್ಲಾಗೇತ್ರಿ ಅಕ್ಕಾರ. ಅದೂ ಹಿಂದಿನ ಮಗ್ಗಲದಾಗ ಐತಿ."

"ಕಲ್ಲಾಗಲಿ, ಕಬ್ಬಿಣಾಗಲಿ. ನಾ ಬ್ಯಾಟರಿ ಹಿಡೀತೀನಿ."

ಸ್ಕ್ರೂ ಬಿಚ್ಚಿ ಪೈಪು ತೆಗೆದೆ. ಹೇರ್‌ಪಿನ್ನಿನಿಂದ ಗಂಟನ್ನು ಎಳೆ ಎಳೆಯಾಗಿ ಬಿಡಿಸಲು ಕೂತೆ. ಕುತ್ತಿಗೆ ಕಪಾಟಿನ ಚೌಕಟ್ಟಿಗೆ ಒತ್ತುತ್ತಿತ್ತು, ಮೂಗಿನ ಮುಂದೆ ಹುಳಿ ವಾಸನೆ. ಹೊರಗೆ ಬಂದು ಉಸಿರು ತೆಗೆದುಕೊಳ್ಳಬೇಕೆಂದರೆ ಹಿಡಿದ ಎಳೆ ಕೈತಪ್ಪುತ್ತದೆ. ಹೊದಿಕೆಗಳು ಕುರ್ಚಿಯ ಮೇಲೆ ಹಸಿಯಾಗಿಯೇ ಬಿದ್ದಿದ್ದವು. ಅದೂ ನೆನಪಾಯಿತು, ಆದರೆ ಏಳುವಂತಿರಲಿಲ್ಲ.

ಆಗಲೇ ಕೆಳಗಿನಿಂದ ಕೂಗು ಬಂತು.

"ಏ ಮ್ಯಾಲಿನಾಕಿ. ಮಿಕ್ಸರ ಯಾಕ ತಿರುಗವಲ್ದು? ಉಂಡ ಮುಸುರಿ ಹಂಗ ಇಟ್ಟೀಯೇನ?"

ನಾವಿಬ್ಬರೂ ಅಲುಗಾಡಲಿಲ್ಲ.

"ದೊಡ್ಡಾಕಿ ಎಲ್ಲಿ ಹೋದಳು? ನಾನ ಬರಲೇನ ಮ್ಯಾಲ?"

ಅತ್ತೆ ಮೇಲೆ ಬಂದರೆ ಬಿಚ್ಚಿಟ್ಟ ಪೈಪು, ಎರಡು ಬೋಗುಣಿ, ದಾರ ಎಲ್ಲ ಕಣ್ಣಿಗೆ ಬೀಳುತ್ತವೆ. ಕುತ್ತಿಗೆ ಎತ್ತಲಾಗದಿದ್ದರೂ ನೆಲದ ಮೇಲಿನದು ಕಾಣುತ್ತದೆ. ನೆಗೆಣ್ಣಿ ಬಾಗಿಲ ತನಕ ಹೋಗಿ, "ಬ್ಯಾಡ್ರಿ ಅತ್ಯಾರ, ಹೊದಕಿ ಹಿಂಡಾಕ ಬಂದೀನಿ, ಈಗ ತಿರುಗಸತಾಳ" ಎಂದು ಕೂಗಿ ಬಂದರು. ನನಗೆ ಪಿಸುಮಾತಿನಲ್ಲಿ, "ತಿರುಗಸು" ಎಂದರು.

"ಪೈಪ ಇಲ್ಲಲ್ರಿ."

"ನೀರ ಬಿಡಬ್ಯಾಡ. ಸಪ್ಪಳಾ ಅಷ್ಟ ಸಾಕು."

ಕೈ ಹಿಂದೆ ತೆಗೆದು, ಪ್ಲಗ್ಗು ಹಾಕಿ, ಸ್ವಿಚ್ಚು ಒತ್ತಿದೆ. ಒಳಗೆ ಉಳಿದಿದ್ದ ಹಳದಿ ಗಸಿ ತೆರೆದ ಬಾಯಿಯಿಂದ ಚಿಮ್ಮಿ ಬಾಗಿ ನಿಂತಿದ್ದ ನೆಗೆಣ್ಣಿಯ ಮುಖಕ್ಕೆ, ಕೊರಳಿಗೆ, ಕರಿಮಣಿಗೆ ಹಾರಿತು. ಸ್ವಿಚ್ಚು ಆರಿಸಿದೆ. ಕೆಳಗೆ ಅತ್ತೆ, "ಹಾಂ" ಎಂದು ಹೇಳಿ ಒಳಗೆ ಹೋದ ಸದ್ದು. ನೆಗೆಣ್ಣಿ ಮರಾಠಿಯಲ್ಲೂ ಮಾತಾಡಲಿಲ್ಲ. ಹುಬ್ಬಿನ ಮೇಲಿನ ಬದನೆ ತೊಟ್ಟಿನ ಚೂರನ್ನು ಎರಡು ಬೆರಳಿನಿಂದ ತೆಗೆದು ನೋಡಿ, "ಅರಿಷಿಣಾ ಹಚ್ಚಿ ಮತ್ತೊಮ್ಮೆ ಮದಿವಿ ಮಾಡಿದಿ ನನಗ" ಎಂದರು. ನಾವು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಆ ದಿನ ನಕ್ಕದ್ದು ಅಷ್ಟೇ.

ಗಂಟು ಬಿಚ್ಚಿತು. ಎಳೆದರೆ ದಾರ ಬಂತು, ಹೊರಗಿನ ಅರ್ಧ ಹಳದಿ, ಒಳಗಿನ ಅರ್ಧ ಕಪ್ಪು. ರಬ್ಬರಿನ ಬಳೆಯ ಒಂದು ಮೈಯಲ್ಲಿ ದಾರದ ಗುರುತು ತಗ್ಗಾಗಿ ಕೂತಿತ್ತು. ಅದನ್ನು ತೊಳೆದು, ಒರೆಸಿ, ಮಗುಚಿ ಹಾಕಿದೆ. ಸ್ಕ್ರೂಗಳನ್ನು ಒಮ್ಮೆ ಈ ಕಡೆ ಸ್ವಲ್ಪ, ಒಮ್ಮೆ ಆ ಕಡೆ ಸ್ವಲ್ಪ ಬಿಗಿದೆ. ಮತ್ತೆ ಹಿಟ್ಟು ಉದುರಿಸಿ ನೀರು ಬಿಟ್ಟೆವು. ಮಿಕ್ಸರ್ ತಿರುಗಿಸಿದೆವು. ನೆಗೆಣ್ಣಿ ಕೈಕನ್ನಡಿಯನ್ನು ಹಿಂದೆ ಹಿಡಿದು ಅಲ್ಲಾಡದೆ ಕೂತರು. ಹಿಟ್ಟು ಬಿಳಿಯಾಗಿಯೇ ಉಳಿಯಿತು.

ಉಳಿದದ್ದು ಛತ್ತಿನ ಕಲೆ. ಅದಕ್ಕೆ ನೆಗೆಣ್ಣಿ ತಮ್ಮ ಪೆಟ್ಟಿಗೆಯಿಂದ ಒಂದು ಅಂಚಿನ ಸೀರೆ ತೆಗೆದು, ನಾಲ್ಕು ಮೂಲೆ ಎಳೆದು, ಜಗಲಿಯ ಮೇಲೆ ಚಪ್ಪರದಂತೆ ಕಟ್ಟಿದರು. ಮರುದಿನ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಅಯ್ಯನವರು ಮುಖ ಮೇಲೆತ್ತಿ, ಸೀರೆ ನೋಡಿ, ಶ್ರಾವಣಕ್ಕೆ ಚಂದ ಅಲಂಕಾರ ಮಾಡೀರಿ ಎಂದು ಅತ್ತೆಯನ್ನು ಹೊಗಳಿದರು. ಅತ್ತೆ ಕುತ್ತಿಗೆ ತಿರುಗಿಸದೆಯೇ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದರು.

ಆದರೆ ಆ ರವಿವಾರ ಸಂಜೆ, ದಾರವನ್ನು ನನ್ನ ಕರಿಬೇವಿನ ಕುಂಡದಲ್ಲಿ ಹೂತು ಕೈ ತೊಳೆಯುವಾಗ, ನೆಗೆಣ್ಣಿ ಹೊಸ್ತಿಲಲ್ಲಿ ನಿಂತು ಒಂದು ಮಾತು ಹೇಳಿದರು.

"ಇನ್ನ ಮುಂದ ನಿನ್ನಷ್ಟಕ್ಕ ನೀ ತಿರುಗಸಬ್ಯಾಡ. ನಾ ಕೆಳಗ ಜಗಲಿ ಮುಂದ ನಿಂತು ಛತ್ತ ನೋಡತೀನಿ. ನಾ ಗ್ವಾಡಿ ಪೈಪಿಗೆ ಸೌಟಿಲೆ ಬಡದ ಮ್ಯಾಲ ತಿರುಗಸು. ಬಡದಿಲ್ಲಂದ್ರ ಮುಸುರಿ ಮುಟ್ಟಬ್ಯಾಡ."

"ದಿನಾನೂರಿ?"

"ದಿನಾ. ಬೋಗಾಣಿ ಹೊತ್ತಾಕಿ ನಾನ ಅಲ್ಲೇನ?"

ಹೂಂ ಎಂದೆ. ನನ್ನ ಒಲೆ ಉಳಿದಿತ್ತು, ಸೌಟು ನನಗೆ ಬೇಕಾದ ಮೊಳೆಗೆ ತೂಗುತ್ತಿತ್ತು. ಪಾತ್ರೆ ತೊಳೆಯುವ ಹೊತ್ತನ್ನು ಮಾತ್ರ ಇನ್ನು ಕೆಳಗಿನವರು ಹೇಳಬೇಕು.

ಗಂಡಸರು ಹಾರೂಗೇರಿಯಿಂದ ಬಂದರು. ಅಲ್ಲಿ ಜಿಲೇಬಿ ಭಾಳ ಆಯಿತೆಂದು ನಮ್ಮವರು ಒಂದೇ ರೊಟ್ಟಿ ಉಂಡರು. ನಾನು ಎರಡು ಜೋಳದ ರೊಟ್ಟಿ, ತುಂಬುಗಾಯಿ ಪಲ್ಯ, ಹೆಸರುಕಾಳಿನ ಉಸುಳಿ, ಹಿಂಡಿ, ಮೊಸರು ಉಂಡೆ. ತಟ್ಟೆಗಳನ್ನು ಸಿಂಕಿನಲ್ಲಿಟ್ಟು, ಗೋಡೆಯ ಪೈಪಿಗೆ ಕಿವಿಗೊಟ್ಟು ನಿಂತೆ. ಕೆಳಗೆ ಅತ್ತೆ ಕೆಮ್ಮುತ್ತಿದ್ದರು, ಭಾವ ಫೋನಿನಲ್ಲಿ ಯಾರಿಗೋ ಟ್ರಾಲಿಯ ಅಳತೆ ಹೇಳುತ್ತಿದ್ದರು. ನಮ್ಮವರು ಹಾಸಿಗೆಯಿಂದ, "ಇನ್ನೂ ಯಾಕ ನಿಂತೀ?" ಎಂದು ಕೇಳಿದರು. ನಿಂತೇ ಇದ್ದೆ. ಸೌಟಿನ ಸದ್ದು ಬರಲಿಲ್ಲ. ಅದನ್ನು ಬಡಿಯಬೇಕಾದ ನೆಗೆಣ್ಣಿ ಆ ದಿನ ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದರು.